ಹೆಬ್ಬೆರಳಿನ ಸಾಕ್ಷ್ಯ

ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದ ರೋಗಿಯ ಮನೆಯವರು ವೈದ್ಯರನ್ನು ಮೊದಲು ಕೇಳುವುದು ಸಾಮಾನ್ಯವಾಗಿ ಗಾಯದ ವಿಷಯವನ್ನಲ್ಲ, ನಿದ್ದೆಯ ವಿಷಯವನ್ನು. ‘ಮತ್ತು ಕೊಟ್ಟ ಮೇಲೆ ಎಚ್ಚರವಾಗುತ್ತದೆಯೆ?’ ಇಳಕಲ್ಲಿನ ನೇಕಾರನ ಮನೆಯಾಗಲಿ, ಹುನಗುಂದದ ರೈತನ ಮನೆಯಾಗಲಿ, ಬಾಗಲಕೋಟೆಯ ವಕೀಲರ ಮನೆಯಾಗಲಿ, ಈ ಪ್ರಶ್ನೆ ಒಂದೇ. ಪ್ರಶ್ನೆಯೇನೋ ಯುಕ್ತವಾದದ್ದೇ. ಆದರೆ ಇದರ ಜೊತೆಯಲ್ಲಿಯೇ ಕೇಳತಕ್ಕ ಇನ್ನೊಂದು ಪ್ರಶ್ನೆ ಉಂಟು; ಅದನ್ನು ಕೇಳುವವರು ವಿರಳ. ಎಚ್ಚರಗೊಂಡ ರೋಗಿಯ ಮೈಗೆ ಬಲ ಮರಳಿದೆಯೆ? ಎಚ್ಚರ ಬೇರೆ, ಬಲ ಬೇರೆ. ಕಣ್ಣು ತೆರೆದು ಮನೆಯವರನ್ನು ಗುರುತಿಸಿದವನಿಗೆ ತನ್ನ ಉಗುಳನ್ನು ತಾನು ಸರಿಯಾಗಿ ನುಂಗುವ ಶಕ್ತಿ ಇನ್ನೂ ಬಂದಿಲ್ಲದೆ ಇರಬಹುದು. ಈ ಬಲವನ್ನು ವೈದ್ಯರು ಹೇಗೆ ಅಳೆಯುತ್ತಾರೆ, ಏಕೆ ಅಳೆಯಬೇಕು ಎಂಬುದೇ ಇಂದಿನ ನಮ್ಮ ಭಾಷಣದ ವಿಷಯ.

ಪೂರ್ಣ ಅರಿವಳಿಕೆ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಸ್ಥಿತಿಯಲ್ಲಿ ವಾಸ್ತವವಾಗಿ ಮೂರು ಸಂಗತಿಗಳು ಅಡಗಿವೆ. ಒಂದು, ಅರಿವಿಲ್ಲದಿರುವುದು. ಎರಡು, ನೋವಿನ ಪರಿಣಾಮವು ದೇಹಕ್ಕೆ ತಟ್ಟದಿರುವುದು. ಮೂರು, ಮಾಂಸಖಂಡಗಳು, ಎಂದರೆ ಸ್ನಾಯುಗಳು, ಸಡಿಲವಾಗಿರುವುದು. ೧೮೪೬ನೆಯ ಇಸವಿ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರಿನ ಅರಿವಳಿಕೆಯನ್ನು ಬಹಿರಂಗವಾಗಿ ತೋರಿಸಿದಂದಿನಿಂದ ಸುಮಾರು ನೂರು ವರ್ಷಗಳ ಕಾಲ ಈ ಮೂರನ್ನೂ ಒಂದೇ ಔಷಧದಿಂದ ಸಾಧಿಸಬೇಕಾಗಿತ್ತು. ನಿದ್ದೆಗೆ ಸ್ವಲ್ಪ ಈಥರ್ ಸಾಕು. ಹೊಟ್ಟೆಯ ಗೋಡೆ ಸಡಿಲಗೊಳ್ಳಬೇಕಾದರೆ ಬಹಳ ಬೇಕು. ಆ ಸಡಿಲಿಕೆಯಿಲ್ಲದೆ ಶಸ್ತ್ರವೈದ್ಯರು ಉದರದೊಳಗೆ ಕೈಯಿಡಲಾರರು. ಹಲಗೆಯಂತೆ ಬಿಗಿದುಕೊಂಡ ಹೊಟ್ಟೆಯು ಕರುಳನ್ನು ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಸಡಿಲಿಕೆಗಾಗಿ ಈಥರನ್ನು ಆಳವಾಗಿ ಕೊಡುತ್ತಿದ್ದರು. ಆ ಆಳದಲ್ಲಿ ಉಸಿರೂ ರಕ್ತದ ಒತ್ತಡವೂ ಕುಗ್ಗುತ್ತಿದ್ದವು. ಹೊಟ್ಟೆ ಸಡಿಲವಾಗಲೆಂದು ಜೀವವನ್ನೇ ಪಣಕ್ಕಿಡುವ ಈ ಪದ್ಧತಿಗೆ ಬದಲು ಬೇಕಾಗಿತ್ತು.

ಬದಲು ದೊರೆತ ಬಗೆಯನ್ನು ತಿಳಿಯಬೇಕಾದರೆ ನರವು ಸ್ನಾಯುವಿಗೆ ಅಪ್ಪಣೆ ಕೊಡುವ ಸ್ಥಳವನ್ನು ಮೊದಲು ನೋಡಬೇಕು. ಇಳಕಲ್ಲಿನ ಸೀರೆಯನ್ನು ಬಲ್ಲವರಿಗೆ ಅದರ ಒಂದು ವಿಶೇಷ ಗೊತ್ತಿರುತ್ತದೆ. ಅದರ ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ನಮ್ಮ ಶರೀರದಲ್ಲಿಯೂ ನರದ ಎಳೆ ಒಂದು, ಸ್ನಾಯುವಿನ ಎಳೆ ಇನ್ನೊಂದು. ಎರಡೂ ಸೇರುವ ಕಡೆ ಲಕ್ಷಾಂತರ. ಆದರೆ ಇಲ್ಲಿ ಒಂದು ಭೇದವುಂಟು. ಸೀರೆಯಲ್ಲಿ ಎಳೆಗೆ ಎಳೆ ತಗಲಿಕೊಂಡಿರುತ್ತದೆ, ಶರೀರದಲ್ಲಿ ತಗಲಿಕೊಂಡಿರುವುದಿಲ್ಲ. ನರದ ತುದಿಗೂ ಸ್ನಾಯುವಿಗೂ ನಡುವೆ ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲೊಂದು ಪಾಲಿನಷ್ಟು ತೆರಪಿದೆ. ನರದಲ್ಲಿ ಹರಿದುಬಂದ ವಿದ್ಯುತ್ತು ಈ ತೆರಪನ್ನು ದಾಟಲಾರದು. ಅದು ನರದ ತುದಿಯಲ್ಲಿ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ಚೆಲ್ಲಿಸುತ್ತದೆ. ಆ ದ್ರವ್ಯವು ತೆರಪನ್ನು ದಾಟಿ ಸ್ನಾಯುವಿನ ಮೇಲಿರುವ ಗ್ರಾಹಕಗಳೆಂಬ ನೆಲೆಗಳಲ್ಲಿ ಕುಳಿತುಕೊಂಡಾಗ ಸ್ನಾಯು ಸಂಕೋಚಗೊಳ್ಳುತ್ತದೆ. ಕ್ಷಣಮಾತ್ರದಲ್ಲಿ ಒಂದು ಕಿಣ್ವವು ಬಂದು ಅದನ್ನು ಒಡೆದುಹಾಕುತ್ತದೆ; ಸ್ನಾಯು ಮುಂದಿನ ಅಪ್ಪಣೆಗೆ ಸಿದ್ಧವಾಗುತ್ತದೆ. ಇಂತಹ ರಾಸಾಯನಿಕ ದೂತರನ್ನು ಕುರಿತ ಸಂಶೋಧನೆಗಾಗಿ ಹೆನ್ರಿ ಡೇಲ್ ಮತ್ತು ಓಟೋ ಲೋವಿ ಎಂಬ ವಿಜ್ಞಾನಿಗಳಿಗೆ ೧೯೩೬ರಲ್ಲಿ ನೊಬೆಲ್ ಬಹುಮಾನ ಬಂದಿತು.

ಈ ತೆರಪಿನಲ್ಲಿ ಅಡ್ಡ ಬರುವ ವಿಷಗಳನ್ನು ಮನುಷ್ಯನು ಬಹು ಹಿಂದೆಯೇ ಅರಿತಿದ್ದನು. ದಕ್ಷಿಣ ಅಮೆರಿಕದ ಕಾಡಿನ ಜನರು ಬಳ್ಳಿಗಳ ಸಾರದಿಂದ ಕ್ಯುರಾರೆ ಎಂಬ ನಂಜನ್ನು ಕಾಯಿಸಿ ಬಾಣದ ತುದಿಗೆ ಸವರುತ್ತಿದ್ದರು. ಬಾಣ ತಾಗಿದ ಪ್ರಾಣಿಯು ಕೈಕಾಲು ಸೋತು ಬಿದ್ದು ಉಸಿರಾಡಲಾರದೆ ಸಾಯುತ್ತಿತ್ತು. ಫ್ರಾನ್ಸಿನ ಕ್ಲೋದ್ ಬರ್ನಾರ್ ಎಂಬ ಶರೀರಶಾಸ್ತ್ರಜ್ಞನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕಪ್ಪೆಗಳ ಮೇಲೆ ಪರೀಕ್ಷಿಸಿ, ಈ ನಂಜು ನರವನ್ನೂ ಕೆಡಿಸುವುದಿಲ್ಲ, ಸ್ನಾಯುವನ್ನೂ ಕೆಡಿಸುವುದಿಲ್ಲ, ಅವೆರಡರ ಸಂಧಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂದು ತೋರಿಸಿದನು. ಗ್ರಾಹಕಗಳಲ್ಲಿ ಅಸಿಟೈಲ್‌ಕೋಲೀನ್ ಕುಳಿತುಕೊಳ್ಳಬೇಕಾದ ಕಡೆ ಕ್ಯುರಾರೆ ಕುಳಿತುಬಿಡುತ್ತದೆ, ಕುಳಿತು ಸುಮ್ಮನಿರುತ್ತದೆ. ಅಪ್ಪಣೆ ಬರುತ್ತದೆ, ಆದರೆ ತಲುಪುವುದಿಲ್ಲ.

ಅಮೆರಿಕದ ಕಾಡಿನವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. ನಾಗರಹಾವಿನ ವಿಷವು ಇದೇ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ನೆಲದ ಮೇಲೆ ಮಲಗಿದವರನ್ನು ಇರುಳಿನಲ್ಲಿ ಕಚ್ಚುವ ಕಟ್ಟುಹಾವಿನ ವಿಷವು ನರದ ತುದಿಯನ್ನೇ ಕೆಡಿಸುತ್ತದೆ. ಕಚ್ಚಿಸಿಕೊಂಡವನ ಕಣ್ಣಿನ ರೆಪ್ಪೆ ಮೊದಲು ಜೋತುಬೀಳುತ್ತದೆ, ಆಮೇಲೆ ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕಡೆಗೆ ಉಸಿರಾಟ ನಿಲ್ಲುತ್ತದೆ. ನೋಡುವವರಿಗೆ ಅವನು ನಿದ್ದೆ ಹೋದಂತೆ ಕಾಣಬಹುದು. ಆದರೆ ಸುತ್ತಲಿನವರ ಮಾತನ್ನೆಲ್ಲ ಅವನು ಕೇಳುತ್ತಿರಬಹುದು. ಈ ಒಂದು ಸಂಗತಿಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸ್ನಾಯು ಸೋತಿರುವುದು ಅರಿವು ಹೋಗಿರುವುದಕ್ಕೆ ಗುರುತಲ್ಲ.

ಈ ನಂಜನ್ನು ಔಷಧವನ್ನಾಗಿ ಬಳಸಿ ಅರಿವಳಿಕೆಯ ರೀತಿಯನ್ನೇ ಬದಲಿಸಿದ ಪ್ರಯೋಗವು ನಡೆದದ್ದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ. ೧೯೪೨ನೆಯ ಇಸವಿ ಜನವರಿ ೨೩ರಂದು ಹೆರಾಲ್ಡ್ ಗ್ರಿಫಿತ್ ಎಂಬ ವೈದ್ಯರು ಈನಿಡ್ ಜಾನ್ಸನ್ ಎಂಬ ಸಹೋದ್ಯೋಗಿಯೊಡನೆ, ಕರುಳುಬಾಲದ ಶಸ್ತ್ರಚಿಕಿತ್ಸೆಗೆ ಬಂದ ಒಬ್ಬ ತರುಣನಿಗೆ ಶುದ್ಧೀಕರಿಸಿದ ಕ್ಯುರಾರೆಯನ್ನು ಕೊಟ್ಟರು. ಹೊಟ್ಟೆ ಸಡಿಲವಾಯಿತು; ನಿದ್ದೆಯ ಔಷಧವನ್ನು ಹೆಚ್ಚಿಸಬೇಕಾಗಲಿಲ್ಲ. ಅಲ್ಲಿಂದ ಮುಂದೆ ನಿದ್ದೆಗೆ ಒಂದು ಔಷಧ, ನೋವಿಗೆ ಒಂದು, ಸಡಿಲಿಕೆಗೆ ಒಂದು ಎಂಬ ಪದ್ಧತಿ ಬೇರೂರಿತು. ಇಂದು ಬಳಕೆಯಲ್ಲಿರುವ ವೆಕ್ಯುರೋನಿಯಂ, ರೋಕ್ಯುರೋನಿಯಂ, ಅಟ್ರಾಕ್ಯುರಿಯಂ ಮೊದಲಾದವು ಕ್ಯುರಾರೆಯ ಕೆಲಸವನ್ನೇ ಇನ್ನೂ ಹಸನಾಗಿ ಮಾಡುವ ಔಷಧಗಳು.

ಹೊಸ ಅನುಕೂಲದ ಜೊತೆಯಲ್ಲಿ ಹೊಸ ಅಪಾಯವೂ ಬಂದಿತು. ಕ್ಯುರಾರೆಯು ಮನಸ್ಸನ್ನೂ ಮಂಕುಗೊಳಿಸುತ್ತದೆಂದು ಕೆಲವರು ನಂಬಿದ್ದರು. ಸ್ಕಾಟ್ ಸ್ಮಿತ್ ಎಂಬ ಅಮೆರಿಕದ ವೈದ್ಯರು ಎಚ್ಚರವಾಗಿದ್ದುಕೊಂಡೇ ತಮ್ಮ ಮೈಗೆ ಅದನ್ನು ಪೂರ್ಣ ಪ್ರಮಾಣದಲ್ಲಿ ಚುಚ್ಚಿಸಿಕೊಂಡರು. ಉಸಿರೂ ನಿಂತಿತು; ಸಹಾಯಕರು ಕೃತಕವಾಗಿ ಉಸಿರಾಡಿಸಿದರು. ಚೇತರಿಸಿಕೊಂಡ ಮೇಲೆ ಅವರು, ಆದ್ಯಂತವಾಗಿ ತಮಗೆ ಎಚ್ಚರವಿದ್ದಿತು, ನಡೆದುದೆಲ್ಲ ತಿಳಿಯುತ್ತಿದ್ದಿತು ಎಂದು ವರದಿ ಮಾಡಿದರು. ಈ ವರದಿ ೧೯೪೭ರಲ್ಲಿ ಪ್ರಕಟವಾಯಿತು. ೧೯೫೪ರಲ್ಲಿ ಬೀಚರ್ ಮತ್ತು ಟಾಡ್ ಎಂಬ ಇಬ್ಬರು, ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ಐದು ವರ್ಷಗಳಲ್ಲಿ ನಡೆದ ಸುಮಾರು ಆರು ಲಕ್ಷ ಅರಿವಳಿಕೆಗಳ ಲೆಕ್ಕವನ್ನು ಮುಂದಿಟ್ಟರು. ಸ್ನಾಯುವನ್ನು ಸಡಿಲಿಸುವ ಔಷಧ ಪಡೆಯದವರಲ್ಲಿ ಅರಿವಳಿಕೆಯ ಕಾರಣದಿಂದ ೨,೧೦೦ಕ್ಕೆ ಒಬ್ಬರಂತೆ ಮೃತರಾಗಿದ್ದರೆ, ಪಡೆದವರಲ್ಲಿ ೩೭೦ಕ್ಕೆ ಒಬ್ಬರಂತೆ ಮೃತರಾಗಿದ್ದರು. ಈ ಲೆಕ್ಕವನ್ನು ಕುರಿತು ಬಹಳ ವಾದವಿವಾದವಾಯಿತು. ಔಷಧವೇ ಕೆಟ್ಟದ್ದೋ, ಬಳಸುವವರ ಕೈ ಇನ್ನೂ ಪಳಗಿರಲಿಲ್ಲವೋ? ಏನೇ ಇರಲಿ, ರೋಗಿಯ ಮೈಯಲ್ಲಿ ಔಷಧದ ಬಲ ಎಷ್ಟು ಉಳಿದಿದೆಯೆಂಬುದನ್ನು ತಿಳಿಯುವ ಉಪಾಯವಿಲ್ಲದೆ ಮುಂದುವರಿಯುವುದು ಸಲ್ಲದೆಂಬುದು ಸ್ಪಷ್ಟವಾಯಿತು.

‘ಇಷ್ಟು ತೂಕದವನಿಗೆ ಇಷ್ಟು ಔಷಧ, ಇಷ್ಟು ಹೊತ್ತಿಗೆ ಇಳಿದುಹೋಗುತ್ತದೆ’ ಎಂದು ಗಡಿಯಾರವನ್ನು ನೋಡಿ ಹೇಳಬಾರದೆ ಎಂದು ಕೇಳಬಹುದು. ಹೇಳಲಾಗುವುದಿಲ್ಲ. ಒಂದೇ ತೂಕದ ಇಬ್ಬರಿಗೆ ಒಂದೇ ಪ್ರಮಾಣವನ್ನು ಕೊಟ್ಟರೆ ಒಬ್ಬನಲ್ಲಿ ಅದು ಇನ್ನೊಬ್ಬನಿಗಿಂತ ಇಮ್ಮಡಿ ಹೊತ್ತು ನಿಲ್ಲಬಹುದು. ಮೂತ್ರಪಿಂಡವೋ ಪಿತ್ತಜನಕಾಂಗವೋ ದುರ್ಬಲವಾಗಿದ್ದರೆ ಹಲವು ಔಷಧಗಳು ನಿಧಾನವಾಗಿ ಹೊರಬೀಳುತ್ತವೆ. ಮೈ ತಣ್ಣಗಾದರೆ ಸಡಿಲಿಕೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮುದುಕರಲ್ಲಿ ಒಂದು ತೆರ, ತರುಣರಲ್ಲಿ ಒಂದು ತೆರ. ಬಸುರಿನಲ್ಲಿ ರಕ್ತದ ಒತ್ತಡ ಏರಿ ಅಪಸ್ಮಾರದಂತೆ ಸೆಳವು ಬರುವ ಹೆಂಗಸರಿಗೆ ಮೆಗ್ನೀಸಿಯಂ ಲವಣವನ್ನು ಕೊಡುವುದುಂಟು. ಅದು ಪ್ರಾಣ ಉಳಿಸುವ ಔಷಧ, ಆದರೆ ಸ್ನಾಯುವನ್ನು ಸಡಿಲಿಸುವ ಔಷಧದ ಬಲವನ್ನು ಅದು ಹೆಚ್ಚಿಸುತ್ತದೆ. ಗಡಿಯಾರಕ್ಕೆ ಇದಾವುದೂ ತಿಳಿಯದು.

ಹಾಗಾದರೆ ರೋಗಿಯನ್ನೇ ಕೇಳಬಾರದೆ? ‘ತಲೆಯೆತ್ತಿ ಐದು ಸೆಕೆಂಡು ಹಿಡಿಯಪ್ಪಾ, ನನ್ನ ಕೈಯನ್ನು ಬಿಗಿಯಾಗಿ ಹಿಡಿಯಮ್ಮಾ’ ಎಂದು ಹೇಳಿ ಪರೀಕ್ಷಿಸುವುದು ಬಹುಕಾಲದ ರೂಢಿ. ಈ ಪರೀಕ್ಷೆ ನಿರರ್ಥಕವೇನೂ ಅಲ್ಲ. ತಲೆಯೆತ್ತಲಾರದವನಿಗೆ ಬಲ ಬಂದಿಲ್ಲವೆಂಬುದು ಬಹುಮಟ್ಟಿಗೆ ಖಂಡಿತ. ಆದರೆ ತಲೆಯೆತ್ತಿದವನಿಗೆ ಬಲ ಪೂರ್ಣವಾಗಿ ಬಂದಿದೆಯೆಂದು ಹೇಳಲಾಗುವುದಿಲ್ಲ. ಇದಕ್ಕೆ ಕಾರಣ ಪ್ರಕೃತಿಯ ಧಾರಾಳತನ. ಸ್ನಾಯುವಿನ ಮೇಲೆ ಗ್ರಾಹಕಗಳು ಅವಶ್ಯಕ್ಕಿಂತ ಎಷ್ಟೋ ಮಡಿ ಹೆಚ್ಚಾಗಿವೆ. ನಾಲ್ಕರಲ್ಲಿ ಮೂರು ಪಾಲಿನಷ್ಟು ಗ್ರಾಹಕಗಳನ್ನು ಔಷಧವು ಆಕ್ರಮಿಸಿಕೊಳ್ಳುವ ತನಕ ಸ್ನಾಯುವಿನ ಒಂದು ಮಿಡಿತದಲ್ಲಿ ಕುಂದು ತೋರುವುದೇ ಇಲ್ಲ. ಹೊರಗಿನಿಂದ ಎಲ್ಲವೂ ಸರಿಯಾಗಿ ಕಾಣುತ್ತಿರುವಾಗ ಒಳಗೆ ಮುಕ್ಕಾಲು ಪಾಲು ನೆಲೆಗಳು ಇನ್ನೂ ಬಂಧನದಲ್ಲಿರಬಹುದು. ಆದುದರಿಂದ ಸ್ನಾಯುವನ್ನು ಸುಮ್ಮನೆ ಕೇಳಿದರೆ ಸಾಲದು; ಅದನ್ನು ಮೇಲಿಂದ ಮೇಲೆ ಕೇಳಿ, ಅದು ದಣಿಯುತ್ತದೆಯೆ ಎಂದು ನೋಡಬೇಕು.

ಲಂಡನ್ನಿನಲ್ಲಿ ಕ್ರಿಸ್ಟಿ ಮತ್ತು ಚರ್ಚಿಲ್-ಡೇವಿಡ್‌ಸನ್ ಎಂಬವರು ಅರಿವಳಿಕೆಯಲ್ಲಿ ನರವನ್ನು ವಿದ್ಯುತ್ತಿನಿಂದ ತಟ್ಟಿ ನೋಡುವ ಒಂದು ಚಿಕ್ಕ ಯಂತ್ರವನ್ನು ೧೯೫೮ರಲ್ಲಿ ವರ್ಣಿಸಿದರು. ಅದನ್ನು ಉಪಯೋಗಿಸುವ ಉತ್ತಮ ಕ್ರಮವನ್ನು ಲಿವರ್‌ಪೂಲಿನ ಅಲಿ, ಅಟಿಂಗ್ ಮತ್ತು ಗ್ರೇ ಎಂಬವರು ೧೯೭೦ರಲ್ಲಿ ಕಂಡುಹಿಡಿದರು. ಕ್ರಮ ಹೀಗಿದೆ. ಬಾಗಿಲಿಗೆ ಮೊಣಕೈ ತಾಗಿದಾಗ ಕಿರುಬೆರಳಿನವರೆಗೂ ಜುಮ್ಮೆನಿಸುವ ನರವೊಂದನ್ನು ನಾವೆಲ್ಲರೂ ಬಲ್ಲೆವು. ಆ ನರವು ಮಣಿಕಟ್ಟಿನಲ್ಲಿ ಕಿರುಬೆರಳಿನ ಪಕ್ಕದಲ್ಲಿ ಚರ್ಮಕ್ಕೆ ಸಮೀಪವಾಗಿ ಹಾದು, ಹೆಬ್ಬೆರಳನ್ನು ಅಂಗೈಯ ಕಡೆಗೆ ಸೆಳೆಯುವ ಸ್ನಾಯುವಿಗೆ ಹೋಗುತ್ತದೆ. ನೇಕಾರನು ಹರಿದ ಎಳೆಯನ್ನು ಹಿಡಿದು ಗಂಟು ಹಾಕುವಾಗಲೂ ನಾವು ಸಜ್ಜೆಯ ರೊಟ್ಟಿಯನ್ನು ಮುರಿಯುವಾಗಲೂ ಕೆಲಸ ಮಾಡುವುದು ಈ ಸ್ನಾಯುವೇ. ರೋಗಿಯ ಮಣಿಕಟ್ಟಿನಲ್ಲಿ ಆ ನರದ ಮೇಲೆ ಎರಡು ಅಂಟುಬಿಲ್ಲೆಗಳನ್ನು ಹಚ್ಚಿ, ಅವುಗಳ ಮೂಲಕ ಅರ್ಧ ಅರ್ಧ ಸೆಕೆಂಡಿಗೆ ಒಂದರಂತೆ ನಾಲ್ಕು ಸಾರಿ ವಿದ್ಯುತ್ತನ್ನು ಹಾಯಿಸುತ್ತಾರೆ. ಪ್ರತಿಯೊಂದು ತಟ್ಟೂ ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲಿನಷ್ಟು ಕಾಲ ಮಾತ್ರ ಇರುತ್ತದೆ. ನರದ ಎಳೆಗಳೆಲ್ಲವೂ ತಪ್ಪದೆ ಎಚ್ಚರಗೊಳ್ಳುವಷ್ಟು ಬಲವನ್ನು ಅದಕ್ಕೆ ಕೊಟ್ಟಿರುತ್ತಾರೆ. ಎಚ್ಚರವಿದ್ದವರಿಗೆ ಇದು ನೋಯುತ್ತದೆ. ಆದ್ದರಿಂದ ರೋಗಿಗೆ ನಿದ್ದೆ ಬಂದ ಮೇಲೆ, ಆದರೆ ಸಡಿಲಿಸುವ ಔಷಧವನ್ನು ಕೊಡುವ ಮೊದಲು, ಒಮ್ಮೆ ತಟ್ಟಿ ಅವನ ಸಹಜವಾದ ಬಲವನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಔಷಧವಿಲ್ಲದಾಗ ಹೆಬ್ಬೆರಳು ನಾಲ್ಕು ಸಾರಿಯೂ ಒಂದೇ ಸಮನಾಗಿ ಮಿಡಿಯುತ್ತದೆ. ಔಷಧವೇರಿದಂತೆ ನಾಲ್ಕನೆಯ ಮಿಡಿತ ಮೊದಲನೆಯದಕ್ಕಿಂತ ಕುಗ್ಗುತ್ತ ಬರುತ್ತದೆ. ಮುಂದೆ ನಾಲ್ಕನೆಯದು ಅಳಿಯುತ್ತದೆ, ಆಮೇಲೆ ಮೂರನೆಯದು, ಎರಡನೆಯದು. ಕಡೆಗೆ ಮೊದಲನೆಯದೂ ಇಲ್ಲವಾಗುತ್ತದೆ. ಒಂದೆರಡು ಮಿಡಿತ ಮಾತ್ರ ಉಳಿದಿದ್ದರೆ ಉದರದ ಶಸ್ತ್ರಚಿಕಿತ್ಸೆಗೆ ಸಾಕಾಗುವಷ್ಟು ಸಡಿಲಿಕೆಯಿದೆಯೆಂದು ವೈದ್ಯರು ಎಣಿಸುತ್ತಾರೆ. ಔಷಧವು ಇಳಿಯುವಾಗ ಮಿಡಿತಗಳು ಅದಕ್ಕೆ ತಿರುಗುಮುರುಗಾದ ಕ್ರಮದಲ್ಲಿ, ಮೊದಲನೆಯದು ಮೊದಲಾಗಿ, ಒಂದೊಂದಾಗಿ ಮರಳುತ್ತವೆ.

ಮಿಡಿತವು ಹೀಗೆ ಕುಗ್ಗುವುದೇಕೆ? ಮಗ್ಗದ ಮುಂದೆ ಕುಳಿತವನು ಲಾಳಿಯನ್ನು ಓಡಿಸುತ್ತಿದ್ದರೆ ಪಕ್ಕದಲ್ಲಿ ಮನೆಯವರು ಕಂಡಿಕೆಗೆ ನೂಲು ಸುತ್ತಿ ಒದಗಿಸುತ್ತಿರಬೇಕು. ಅವರ ಕೈ ತಡೆದರೆ ಮೊದಲ ಕಂಡಿಕೆ ಮುಗಿಯುವ ತನಕ ನೇಯ್ಗೆ ನಡೆಯುತ್ತದೆ. ಅನಂತರ ಲಾಳಿ ಬರಿದಾಗುತ್ತದೆ. ನರದ ತುದಿಯಲ್ಲಿಯೂ ಹೀಗೆಯೇ. ಮೊದಲ ತಟ್ಟಿಗೆ ಸಿದ್ಧವಾಗಿರುವ ಅಸಿಟೈಲ್‌ಕೋಲೀನ್ ಸಾಕಾಗುತ್ತದೆ. ಮುಂದಿನವಕ್ಕೆ ಹೊಸದಾಗಿ ಒದಗಿಸಬೇಕು. ಹಾಗೆ ಒದಗಿಸಬೇಕೆಂದು ಪ್ರೇರಿಸುವ ಗ್ರಾಹಕಗಳು ನರದ ತುದಿಯಲ್ಲಿಯೂ ಇವೆ; ಸಡಿಲಿಸುವ ಔಷಧವು ಅವನ್ನೂ ತಡೆಯುತ್ತದೆ. ಆದ್ದರಿಂದ ನಾಲ್ಕನೆಯ ಮಿಡಿತವನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅಂಕವು ಉಳಿದಿರುವ ಔಷಧದ ಬಲವನ್ನು ಹೇಳುತ್ತದೆ. ಎರಡೂ ಸಮನಾಗಿದ್ದರೆ ಅಂಕ ಒಂದು. ನಾಲ್ಕನೆಯದು ಅರ್ಧದಷ್ಟಿದ್ದರೆ ೦.೫.

ಇಲ್ಲಿಯವರೆಗೆ ಬಂದ ಕೇಳುಗರಿಗೆ, ಈ ಮಿಡಿತಗಳನ್ನು ಕಣ್ಣಿನಿಂದ ನೋಡಿಯೋ ಬೆರಳಿನಿಂದ ಮುಟ್ಟಿಯೋ ತೀರ್ಮಾನಿಸಬಹುದಲ್ಲ ಎಂದು ತೋರಬಹುದು. ಬಹುಕಾಲ ವೈದ್ಯರೂ ಹಾಗೆಯೇ ಮಾಡಿದರು, ಇಂದಿಗೂ ಮಾಡುವುದುಂಟು. ಮಿಡಿತಗಳನ್ನು ಎಣಿಸುವುದಕ್ಕೆ ಕಣ್ಣು ಕೈಗಳು ಸಾಕು. ಹೋಲಿಸುವುದಕ್ಕೆ ಸಾಲವು. ಅಂಕವು ೦.೪ನ್ನು ದಾಟಿತೆಂದರೆ ಬಲು ಅನುಭವಿಯಾದ ವೈದ್ಯರಿಗೂ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಭೇದ ತಿಳಿಯುವುದು ದುರ್ಲಭ. ಬೆರಳಿಗೆ ನಾಲ್ಕೂ ಸಮನೆಂದೇ ತೋರುತ್ತದೆ. ೦.೪ರಿಂದ ೦.೯ರವರೆಗಿನ ಈ ಅಂತರದಲ್ಲಿಯೇ ಕಾಣದ ಅಪಾಯ ಇರುವುದು.

ಆ ಅಪಾಯವು ಎಂತಹುದು? ಕೋಪನ್‌ಹೇಗನ್ನಿನ ವೀಬಿ-ಮೊಗೆನ್‌ಸನ್ ಎಂಬವರೂ ಅವರ ಸಂಗಡಿಗರೂ, ಶಸ್ತ್ರಚಿಕಿತ್ಸೆ ಮುಗಿದು ಚೇತರಿಕೆಯ ಕೋಣೆಗೆ ಬಂದ ೭೨ ರೋಗಿಗಳನ್ನು ಪರೀಕ್ಷಿಸಿ ೧೯೭೯ರಲ್ಲಿ ಫಲಿತವನ್ನು ಪ್ರಕಟಿಸಿದರು. ಆ ಕಾಲದಲ್ಲಿ ೦.೭ ಅಂಕ ಬಂದರೆ ಸಾಕೆಂಬ ಮತವಿದ್ದಿತು. ೭೨ರಲ್ಲಿ ೩೦ ಮಂದಿಗೆ ಅದೂ ಬಂದಿರಲಿಲ್ಲ. ಅವರೆಲ್ಲರಿಗೂ ಪ್ರತ್ಯೌಷಧ ಕೊಟ್ಟಾಗಿತ್ತು. ಬಲ ಮರಳಿತೆಂದು ನಂಬಿಯೇ ಹೊರಕ್ಕೆ ಕಳುಹಿಸಲಾಗಿತ್ತು. ೦.೭ ಕೂಡ ಸಾಲದೆಂಬುದು ಮುಂದೆ ತಿಳಿದುಬಂದಿತು. ಆರೋಗ್ಯವಂತರಾದ ಸ್ವಯಂಸೇವಕರ ಮೇಲೆ ೧೯೯೦ರ ದಶಕದಲ್ಲಿ ನಡೆದ ಪರೀಕ್ಷೆಗಳಲ್ಲಿ, ಅಂಕವು ೦.೯ಕ್ಕೆ ಕಡಿಮೆಯಿದ್ದಾಗ ಗಂಟಲಿನ ಸ್ನಾಯುಗಳ ಮೇಳ ತಪ್ಪಿ, ನುಂಗಿದ ಪದಾರ್ಥ ಶ್ವಾಸನಾಳದ ಕಡೆಗೆ ಜಾರುವುದು ಕಂಡಿತು. ಆಮ್ಲಜನಕ ಕಡಿಮೆಯಾದಾಗ ಉಸಿರನ್ನು ಹೆಚ್ಚಿಸುವ ಸಹಜವಾದ ಎಚ್ಚರಿಕೆಯೂ ಕುಂದಿರುತ್ತದೆ. ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಅಂತಹ ಸ್ಥಿತಿಯಲ್ಲಿಯೂ ಆ ಸ್ವಯಂಸೇವಕರು ತಲೆಯೆತ್ತಿ ಹಿಡಿಯಬಲ್ಲವರಾಗಿದ್ದರು. ಮುದುಕರಲ್ಲಿ, ಸ್ಥೂಲಕಾಯರಲ್ಲಿ, ಮೊದಲೇ ಶ್ವಾಸಕೋಶ ಕೆಟ್ಟವರಲ್ಲಿ ಈ ಚಿಕ್ಕ ಕುಂದೇ ನ್ಯುಮೋನಿಯಕ್ಕೂ ಉಸಿರಾಟದ ಸೋಲಿಗೂ ಕಾರಣವಾಗಬಹುದು. ಕಲ್ಲಿನ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರ ಶ್ವಾಸಕೋಶಗಳು ಘಾಸಿಗೊಂಡಿರುವುದುಂಟು. ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್ಲಿನ ಸೀಮೆಯಲ್ಲಿ ಈ ಮಾತನ್ನು ಹಗುರವಾಗಿ ಎಣಿಸುವಂತಿಲ್ಲ.

ಹೀಗಿರುವುದರಿಂದ, ಹೆಬ್ಬೆರಳಿನ ಚಲನೆಯನ್ನು ಯಂತ್ರವೇ ಅಳೆದು ಅಂಕವನ್ನು ತೋರಿಸಬೇಕು, ಅದು ೦.೯ನ್ನು ಮುಟ್ಟುವ ತನಕ ಶ್ವಾಸನಾಳದ ಕೊಳವೆಯನ್ನು ತೆಗೆಯಬಾರದು ಎಂಬ ನಿಯಮ ಇಂದು ಬೆಳೆದುಬಂದಿದೆ. ಅಮೆರಿಕದ ಅರಿವಳಿಕೆ ವೈದ್ಯರ ಸಂಘವೂ ಯೂರೋಪಿನ ಸಂಘವೂ ೨೦೨೩ರಲ್ಲಿ ಪ್ರಕಟಿಸಿದ ಸೂಚನೆಗಳು ಇದನ್ನೇ ಹೇಳುತ್ತವೆ. ಇದಕ್ಕೆ ಹೆಬ್ಬೆರಳನ್ನು ಆರಿಸಿದ್ದಕ್ಕೂ ಕಾರಣವುಂಟು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯು ಬೇಗ ಚೇತರಿಸಿಕೊಳ್ಳುತ್ತದೆ, ಹೆಬ್ಬೆರಳು ನಿಧಾನವಾಗಿ. ತಡವಾಗಿ ಏಳುವವನು ಎದ್ದನೆಂದರೆ ಉಳಿದವರು ಎದ್ದಿರುತ್ತಾರೆಂದು ನಂಬಬಹುದು. ಹುಬ್ಬಿನ ಸ್ನಾಯುವನ್ನು ನೋಡಿ ತೀರ್ಮಾನಿಸಿದರೆ ಮೋಸಹೋಗುವ ಸಂಭವವುಂಟು, ಏಕೆಂದರೆ ಅದು ಬೇಗ ಏಳುವವರ ಸಾಲಿಗೆ ಸೇರಿದೆ. ಕೈ ತಣ್ಣಗಿದ್ದರೆ ಮಿಡಿತ ಕುಂದಿ ಅಂಕ ತಪ್ಪಾಗುತ್ತದೆ. ಆದ್ದರಿಂದ ಕೈಯನ್ನು ಬೆಚ್ಚಗಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಈ ಯಂತ್ರವು ಬಲವನ್ನು ಅಳೆಯುತ್ತದೆಯೇ ಹೊರತು ನಿದ್ದೆಯನ್ನಲ್ಲ. ಹೆಬ್ಬೆರಳು ಸ್ತಬ್ಧವಾಗಿದ್ದ ಮಾತ್ರಕ್ಕೆ ರೋಗಿಗೆ ಅರಿವಿಲ್ಲವೆಂದು ತಿಳಿಯಲಾಗದೆಂಬುದನ್ನು ಸ್ಮಿತ್ತರ ಪ್ರಯೋಗವೇ ಸಾರುತ್ತದೆ. ನಿದ್ದೆಯ ಔಷಧವನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಅಳತೆಯು ಪ್ರತ್ಯೌಷಧವನ್ನು ಆರಿಸುವುದಕ್ಕೂ ಬೇಕು. ನಿಯೋಸ್ಟಿಗ್ಮಿನ್ ಎಂಬುದು ಹಳೆಯ ಪ್ರತ್ಯೌಷಧ, ಬೆಲೆ ಕಡಿಮೆ. ಅದು ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನು ತಡೆದು, ಆ ದ್ರವ್ಯವು ಹೆಚ್ಚಾಗಿ ಉಳಿಯುವಂತೆ ಮಾಡುತ್ತದೆ. ನಾಗರಹಾವು ಕಚ್ಚಿದವರಿಗೆ ವಿಷಹಾರಿ ಮದ್ದಿನ ಜೊತೆಯಲ್ಲಿ ಕೊಡುವುದೂ ಇದನ್ನೇ. ಆದರೆ ಅದರ ಶಕ್ತಿಗೆ ಮಿತಿಯುಂಟು. ಸಡಿಲಿಕೆ ಆಳವಾಗಿರುವಾಗ ಎಷ್ಟು ಕೊಟ್ಟರೂ ಅದು ಗೆಲ್ಲಲಾರದು. ನಾಲ್ಕು ಮಿಡಿತಗಳೂ ಮರಳಿದ ಮೇಲೆ ಕೊಡಬೇಕು, ಕೊಟ್ಟ ಮೇಲೂ ಕಾಯಬೇಕು. ಹೃದಯದ ಬಡಿತವನ್ನು ಅದು ನಿಧಾನಗೊಳಿಸುವುದರಿಂದ ಅದಕ್ಕೆ ಇನ್ನೊಂದು ಔಷಧವನ್ನು ಜೊತೆಗೂಡಿಸಬೇಕು. ಯೂರೋಪಿನಲ್ಲಿ ೨೦೦೮ರಲ್ಲಿಯೂ ಅಮೆರಿಕದಲ್ಲಿ ೨೦೧೫ರಲ್ಲಿಯೂ ಅನುಮತಿ ಪಡೆದ ಸುಗಮಡೆಕ್ಸ್ ಎಂಬುದು ಬೇರೊಂದು ಬಗೆಯದು. ಅದು ರೋಕ್ಯುರೋನಿಯಂ, ವೆಕ್ಯುರೋನಿಯಂಗಳ ಕಣಗಳನ್ನು ರಕ್ತದಲ್ಲಿಯೇ ಹಿಡಿದು ತನ್ನೊಳಗೆ ಸುತ್ತಿಕೊಂಡುಬಿಡುತ್ತದೆ; ಆಳವಾದ ಸಡಿಲಿಕೆಯನ್ನೂ ತೆಗೆಯಬಲ್ಲದು. ಬೆಲೆ ಹೆಚ್ಚು. ಅಟ್ರಾಕ್ಯುರಿಯಂ ಮೇಲೆ ಅದರ ಬಲ ನಡೆಯದು. ಎಷ್ಟು ಮಿಡಿತ ಉಳಿದಿದೆಯೆಂಬುದನ್ನು ನೋಡಿ ಅದರ ಪ್ರಮಾಣವನ್ನೂ ಗೊತ್ತುಮಾಡಬೇಕು.

ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಕೊಳವೆಯನ್ನು ತುರ್ತಾಗಿ ಹಾಕಬೇಕಾದಾಗ ಸಕ್ಸಿನೈಲ್‌ಕೋಲೀನ್ ಎಂಬ ಔಷಧವನ್ನು ಕೊಡುತ್ತಾರೆ. ಅದು ಒಂದು ನಿಮಿಷದೊಳಗೆ ಕೆಲಸ ಮಾಡಿ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇಳಿದುಹೋಗುತ್ತದೆ. ರಕ್ತದಲ್ಲಿರುವ ಒಂದು ಕಿಣ್ವವು ಅದನ್ನು ಒಡೆಯುವುದೇ ಇದಕ್ಕೆ ಕಾರಣ. ಕೆಲವರಲ್ಲಿ ಆ ಕಿಣ್ವವು ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ಅಂತಹವರಲ್ಲಿ ಹತ್ತು ನಿಮಿಷದ ಸಡಿಲಿಕೆ ಗಂಟೆಗಟ್ಟಲೆ ನಿಲ್ಲುತ್ತದೆ. ಆಂಧ್ರ, ಕರ್ನಾಟಕ, ತಮಿಳುನಾಡುಗಳಲ್ಲಿ ನೆಲೆಸಿರುವ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಯವರಿಗಿಂತ ಹೆಚ್ಚಾಗಿ ಕಾಣುತ್ತದೆಂಬುದು ವೈದ್ಯರಿಗೆ ತಿಳಿದ ಸಂಗತಿ. ಅದಕ್ಕೆ ಕಾರಣವಾದ ವಂಶವಾಹಿಯ ಒಂದು ಬದಲಾವಣೆಯನ್ನು ೨೦೦೬ರಲ್ಲಿ ಪ್ರಕಟಿಸಲಾಯಿತು. ಇದು ರೋಗವಲ್ಲ. ಈ ಔಷಧ ತಗಲದಿದ್ದರೆ ಅವರು ಜೀವಮಾನವೆಲ್ಲ ಏನೂ ಅರಿಯದೆ ಸುಖವಾಗಿರುತ್ತಾರೆ. ಹೊಲಕ್ಕೆ ಸಿಂಪಡಿಸುವ ಕೆಲವು ಕೀಟನಾಶಕಗಳೂ ಇದೇ ಕಿಣ್ವವನ್ನು ಕುಗ್ಗಿಸುತ್ತವೆ. ಅವುಗಳಿಂದ ವಿಷವೇರಿದವರಲ್ಲಿಯೂ ಸಕ್ಸಿನೈಲ್‌ಕೋಲೀನ್ ಬಹುಹೊತ್ತು ನಿಲ್ಲಬಹುದು. ಇಂತಹ ಸಮಯದಲ್ಲಿ ರೋಗಿಗೆ ನಿದ್ದೆಯನ್ನು ಮುಂದುವರಿಸಿ, ಯಂತ್ರದಿಂದ ಉಸಿರಾಡಿಸುತ್ತ, ಬಲ ಮರಳುವ ತನಕ ತಾಳ್ಮೆಯಿಂದ ಕಾದರೆ ಅಪಾಯವಿಲ್ಲ. ಕಾಯಬೇಕೆಂದು ತಿಳಿಸುವುದು ಹೆಬ್ಬೆರಳು. ಅದನ್ನು ನೋಡದೆ ಕೊಳವೆಯನ್ನು ತೆಗೆದರೆ, ಎಚ್ಚರವಿದ್ದೂ ಉಸಿರಾಡಲಾರದ ಭೀಕರವಾದ ಅವಸ್ಥೆ ರೋಗಿಗೆ ಒದಗುತ್ತದೆ.

ಬಾಗಲಕೋಟೆಯ ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವೂ ಅದಕ್ಕೆ ಸೇರಿದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇವೆ. ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ದೊಡ್ಡ ಚಿಕಿತ್ಸೆಗೆಂದು ಜನರು ಬಾಗಲಕೋಟೆಗೆ ಬರುವುದು ವಾಡಿಕೆ. ತಾಲ್ಲೂಕಿನ ಊರುಗಳಲ್ಲಿ ನಡೆಯುವ ಹೆರಿಗೆಯ, ಅಂಡವಾಯುವಿನ ಶಸ್ತ್ರಚಿಕಿತ್ಸೆಗಳಲ್ಲಿ ಬಹುಪಾಲು ಬೆನ್ನುಹುರಿಯ ಬಳಿ ಚುಚ್ಚುವ ಅರಿವಳಿಕೆಯಲ್ಲಿಯೇ ಆಗುತ್ತವೆ. ಅವಕ್ಕೆ ಈ ಔಷಧಗಳೂ ಈ ಅಳತೆಯೂ ಬೇಕಾಗುವುದಿಲ್ಲ. ಪೂರ್ಣ ಅರಿವಳಿಕೆಯಲ್ಲಿ ಸಡಿಲಿಸುವ ಔಷಧವನ್ನು ಎಲ್ಲಿ ಕೊಡುತ್ತಾರೆಯೋ ಅಲ್ಲೆಲ್ಲ ಅಳತೆ ಬೇಕು, ಆಸ್ಪತ್ರೆ ದೊಡ್ಡದಿರಲಿ ಚಿಕ್ಕದಿರಲಿ. ನಿಜವಾಗಿ ನೋಡಿದರೆ ಚಿಕ್ಕ ಆಸ್ಪತ್ರೆಗೇ ಇದರ ಅಗತ್ಯ ಹೆಚ್ಚು. ಏಕೆಂದರೆ ಚೇತರಿಕೆಯ ಕೋಣೆಯಲ್ಲಿ ಉಸಿರು ಸೋತ ರೋಗಿಯನ್ನು ಕೂಡಲೇ ಹಿಡಿದೆತ್ತುವ ಕೈಗಳು ಅಲ್ಲಿ ಕಡಿಮೆ.

ಕೇಳುಗರಾದ ನಾವು ಇದರಲ್ಲಿ ಮಾಡತಕ್ಕದ್ದೇನಾದರೂ ಉಂಟೆ? ಉಂಟು. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆಯ ವೈದ್ಯರು ಬಂದು ಮಾತನಾಡಿಸಿದಾಗ ನಾಲ್ಕು ಸಂಗತಿಗಳನ್ನು ಮರೆಯದೆ ಹೇಳಬೇಕು. ಮನೆತನದಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯ ಅನಂತರ ಉಸಿರು ಮರಳುವುದು ತಡವಾಗಿದ್ದರೆ ಅದನ್ನು, ಕಣ್ಣಿನ ರೆಪ್ಪೆ ಜೋತುಬೀಳುವ, ಸಂಜೆಯಾದಂತೆ ಬಲ ಕುಂದುವ ಬೇನೆಯಿದ್ದರೆ ಅದನ್ನು, ಈಚೆಗೆ ಕೀಟನಾಶಕದ ವಿಷ ತಗಲಿದ್ದರೆ ಅದನ್ನು, ತೆಗೆದುಕೊಳ್ಳುತ್ತಿರುವ ಔಷಧಗಳೆಲ್ಲವನ್ನು. ಮದುವೆಯ ಸಂಬಂಧ ಕೆಡುತ್ತದೆಂದು, ಹೆಸರು ಕೆಡುತ್ತದೆಂದು ಮನೆತನದ ಸಂಗತಿಯನ್ನು ಮುಚ್ಚಿಡುವವರುಂಟು. ಇಲ್ಲಿ ಮುಚ್ಚಿಟ್ಟರೆ ಕೆಡುವುದು ಜೀವ. ‘ಬಲ ಮರಳಿದ್ದನ್ನು ಯಂತ್ರದಿಂದ ನೋಡುತ್ತೀರಾ?’ ಎಂದು ವಿನಯದಿಂದ ಕೇಳುವುದರಲ್ಲಿಯೂ ತಪ್ಪಿಲ್ಲ. ಚಿಕಿತ್ಸೆ ಮುಗಿದ ಮೇಲೆ ಇನ್ನೊಂದು ಎಚ್ಚರಿಕೆ ಬೇಕು. ರೋಗಿ ಕಣ್ಣುಬಿಟ್ಟನೆಂಬ ಸಂತೋಷದಲ್ಲಿ, ವೈದ್ಯರು ಹೇಳುವ ಮೊದಲೇ ಅವನ ಬಾಯಿಗೆ ನೀರನ್ನೋ ಎಳನೀರನ್ನೋ ಹನಿಸಬಾರದು. ನುಂಗುವ ಸ್ನಾಯುಗಳು ಇನ್ನೂ ಪೂರ್ತಿ ಎದ್ದಿಲ್ಲದಿದ್ದರೆ ಆ ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ.

ಕಣ್ಣು, ಗಡಿಯಾರ, ಅನುಭವ ಇವು ಮೂರೂ ವೈದ್ಯರ ಬೆಲೆಯುಳ್ಳ ಸಾಧನಗಳೇ; ಅವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಜ್ವರವನ್ನು ಅಂಗೈಯಿಂದ ನೋಡುತ್ತಿದ್ದವರು ಉಷ್ಣಮಾಪಕ ಬಂದ ಮೇಲೆ ಅದನ್ನು ಕೈಬಿಡಲಿಲ್ಲ. ಸ್ನಾಯುಬಲದ ವಿಷಯದಲ್ಲಿಯೂ ಅದೇ ವಿವೇಕ ನಡೆಯಬೇಕು. ಇಳಕಲ್ಲಿನಿಂದ ಬಂದ ನೇಕಾರನು ಮರಳಿ ಮಗ್ಗದ ಮುಂದೆ ಕುಳಿತು ಹರಿದ ಎಳೆಯನ್ನು ಕೂಡಿಸಬೇಕಾದರೆ ಅವನ ಹೆಬ್ಬೆರಳಿಗೆ ಬಲವಿರಬೇಕು. ಆ ಬಲ ಬಂದಿತೆಂಬುದನ್ನು ಆಸ್ಪತ್ರೆಯ ಮೇಜಿನ ಮೇಲೆಯೇ, ಕೊಳವೆಯನ್ನು ತೆಗೆಯುವ ಮೊದಲೇ, ನಾಲ್ಕು ಸಾರಿ ತಟ್ಟಿ ಅಳೆದು ನೋಡುವುದಕ್ಕೆ ಹಿಡಿಯುವುದು ಕೆಲವೇ ಸೆಕೆಂಡುಗಳು.